ಬೆಂಗಳೂರಿನ ಹವೆ ಬಿಟ್ಟು ಹೊರದೇಶಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ವೀಸಾ, ಟಿಕೆಟ್, ಬಾಡಿಗೆ ಮನೆ ಇದರ ಬಗ್ಗೆ ಎಲ್ಲರೂ ಹತ್ತು ಜನರನ್ನು ವಿಚಾರಿಸುತ್ತಾರೆ. ಹವೆಯ ಮಾತು ಬಂದರೆ ಮಾತ್ರ "ಹೋದ ಮೇಲೆ ಅಭ್ಯಾಸ ಆಗುತ್ತೆ ಬಿಡಿ" ಅಂತ ಮುಗಿಸಿಬಿಡುತ್ತಾರೆ. ಕೆಲವು ತನಗೆ ತಾನೇ ಅಭ್ಯಾಸ ಆಗುತ್ತವೆ, ಕೆಲವು ಎಷ್ಟು ವರ್ಷವಾದರೂ ಆಗುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆಯನ್ನೇ ಮಾಡಿಕೊಳ್ಳಬೇಕು. ಕೆನಡಾದಲ್ಲೂ ಕೊಲ್ಲಿಯಲ್ಲೂ ಇದ್ದು ಈಗ ವಿಜಯನಗರಕ್ಕೆ ವಾಪಸ್ ಬಂದು ಕೂತಿರುವ ನನಗೆ ನೆಂಟರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ನಾನು ಡಾಕ್ಟರ್ ಅಲ್ಲ. ಬಿಪಿ, ಸಕ್ಕರೆ, ದಮ್ಮು ಇರುವವರು ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಸಲ ಕೇಳಿಬಿಡಿ.

ನಮ್ಮ ಊರಿನವರಿಗೇ ಯಾಕೆ ಇದು ಜಾಸ್ತಿ ಕಷ್ಟ?

ನಮಗೆ ಹವಾಮಾನ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿಲ್ಲ, ಅದಕ್ಕೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅತಿ ಹೆಚ್ಚು 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ಅಂದರೆ ನೂರ ಮೂವತ್ತು ವರ್ಷದಲ್ಲಿ ನಮ್ಮೂರು ಕಂಡ ಒಟ್ಟು ವ್ಯತ್ಯಾಸ 32 ಡಿಗ್ರಿ ಕೂಡ ಇಲ್ಲ. ಟೊರಾಂಟೊ ಅದಕ್ಕಿಂತ ದೊಡ್ಡ ವ್ಯತ್ಯಾಸವನ್ನು ಒಂದೇ ವರ್ಷದ ಜನವರಿಯಿಂದ ಜುಲೈ ಒಳಗೆ ತೋರಿಸಿಬಿಡುತ್ತದೆ. ದೆಹಲಿಯವರಾದರೆ ಚಳಿಗೆ ರಜಾಯಿ, ಬೇಸಿಗೆಗೆ ಕೂಲರ್ ಅಂತ ಎರಡನ್ನೂ ನೋಡಿರುತ್ತಾರೆ. ನಮ್ಮದು ಒಂದು ಫ್ಯಾನಿನ ಮನೆ. ಡಿಸೆಂಬರ್‌ನಲ್ಲಿ 15 ಡಿಗ್ರಿಗೆ ಇಳಿದರೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುವವರ ತಲೆ ಮೇಲೆಲ್ಲ ಮಂಕಿ ಕ್ಯಾಪ್. ಹಾಗಾಗಿ ಬಟ್ಟೆ, ಮನೆ, ಅಡುಗೆ, ನಿದ್ದೆ ಎಲ್ಲವನ್ನೂ ಹವೆ ನೋಡಿ ಹೊಂದಿಸಿಕೊಳ್ಳುವ ರೂಢಿ ನಮಗೆ ಇಲ್ಲ, ಅಲ್ಲಿ ಹೋಗಿ ಕಲಿಯಬೇಕು.

ಮೈ ಒಗ್ಗೋದಕ್ಕೆ ಎಷ್ಟು ದಿನ ಬೇಕು?

ಬಿಸಿಲಿಗೆ ಒಂದರಿಂದ ಎರಡು ವಾರ. ಇದು ನಿಜವಾಗಿಯೂ ಮೈಯಲ್ಲಿ ಆಗುವ ಬದಲಾವಣೆ: ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಮ್ಮಿಯಾಗುತ್ತದೆ, ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ. ಆದರೆ ಇದಕ್ಕೆ ದಿನಾ ಸ್ವಲ್ಪ ಹೊತ್ತು ಬಿಸಿಯಲ್ಲಿ ಓಡಾಡಬೇಕು. ಇಪ್ಪತ್ತನಾಲ್ಕು ಗಂಟೆ ಎಸಿಯಲ್ಲಿ ಕೂತರೆ ಒಗ್ಗುವುದಿಲ್ಲ. ಬಿಸಿ ಬಿಟ್ಟು ಕೆಲವು ವಾರ ದೂರ ಇದ್ದರೆ ಒಗ್ಗಿದ್ದೂ ಹೊರಟುಹೋಗುತ್ತದೆ.

ಚಳಿಯ ಕತೆ ಬೇರೆ. ಮೊದಲ ವರ್ಷ 5 ಡಿಗ್ರಿಗೆ ನಡುಗಿದವರು ಮೂರನೇ ವರ್ಷ ಅದೇ 5 ಡಿಗ್ರಿಯಲ್ಲಿ ತೆಳು ಜಾಕೆಟ್ ಹಾಕಿಕೊಂಡು ಓಡಾಡುವುದು ನಿಜ. ಅದರಲ್ಲಿ ಹೆಚ್ಚಿನ ಪಾಲು ಹೆದರಿಕೆ ಹೋಗಿರುತ್ತದೆ, ಬಟ್ಟೆ ಹಾಕುವುದು ಗೊತ್ತಾಗಿರುತ್ತದೆ, ಅಷ್ಟೇ. ಮೈನಸ್ 20 ಡಿಗ್ರಿಗೆ ಯಾರ ಮೈಯೂ ಒಗ್ಗುವುದಿಲ್ಲ, ಅಲ್ಲೇ ಹುಟ್ಟಿದವರದ್ದೂ. ಅಲ್ಲಿನವರು ಬದುಕುತ್ತಿರುವುದು ಬಟ್ಟೆ ಮತ್ತು ಮನೆಯ ಬಲದಿಂದ. ಹಾಗಾಗಿ ಚಳಿ ದೇಶಕ್ಕೆ ಹೋಗುವವರು ಮೈಯನ್ನು ಗಟ್ಟಿ ಮಾಡಿಕೊಳ್ಳಲು ಇಲ್ಲಿ ತಣ್ಣೀರು ಸ್ನಾನ ಶುರು ಮಾಡಬೇಕಾಗಿಲ್ಲ. (ಹೀಗೆ ಮಾಡಿದವರಿದ್ದಾರೆ. ನೆಗಡಿ ಬಿಟ್ಟು ಬೇರೇನೂ ಬಂದ ಹಾಗೆ ಕಾಣಲಿಲ್ಲ, ಆ ನೆಗಡಿಗೂ ಸ್ನಾನ ಕಾರಣ ಅಲ್ಲ, ಮುಂದೆ ಹೇಳುತ್ತೇನೆ.)

ಸ್ವೆಟರ್, ಜಾಕೆಟ್ ಎಲ್ಲ ಇಲ್ಲಿಂದಲೇ ತಗೊಂಡು ಹೋಗಬೇಕಾ?

ಒಳಗೆ ಹಾಕುವುದನ್ನು ಇಲ್ಲಿ ಕೊಳ್ಳಿ, ಹೊರಗೆ ಹಾಕುವುದನ್ನು ಅಲ್ಲಿ ಕೊಳ್ಳಿ. ಥರ್ಮಲ್ (ಮೈಗಂಟಿ ಕೂರುವ ಬೆಚ್ಚನೆ ಒಳಬಟ್ಟೆ), ಉಣ್ಣೆ ಸಾಕ್ಸ್, ಟೋಪಿ, ಗ್ಲೌಸ್, ಒಂದು ಫ್ಲೀಸ್ (ಮೆತ್ತನೆ ಹಗುರ ಬಟ್ಟೆಯ ಬೆಚ್ಚನೆ ಮೇಲಂಗಿ), ವಿಮಾನ ಇಳಿದು ಮನೆ ಸೇರುವ ತನಕ ಸಾಕಾಗುವ ಹಗುರದ ಜಾಕೆಟ್ ಇವಿಷ್ಟು ಡೆಕಥ್ಲಾನ್‌ನಲ್ಲಿ ಸಿಗುತ್ತವೆ. ಚಳಿಗಾಲ ಬಂದರೆ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲೂ ಟೋಪಿ, ಮಫ್ಲರ್ ಸಿಗುತ್ತವೆ. ಆದರೆ ಮೈನಸ್ ಇಪ್ಪತ್ತಕ್ಕೆ ಬೇಕಾದ ದಪ್ಪ ಕೋಟು ಮತ್ತು ಹಿಮದ ಬೂಟು ಇಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಸೂಟ್‌ಕೇಸಿನ ಅರ್ಧ ಅದೇ ತಿನ್ನುತ್ತದೆ. ಅಲ್ಲಿ ಹಳೆ ಬಟ್ಟೆಯ ಅಂಗಡಿಗಳಲ್ಲಿ ಒಳ್ಳೆ ಕೋಟು ಕಮ್ಮಿ ಬೆಲೆಗೆ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಅಂತ ಮುಜುಗರ ಪಡಬೇಡಿ, ಅಲ್ಲಿ ಎಲ್ಲರೂ ಕೊಳ್ಳುತ್ತಾರೆ. ಬೂಟು ಮಾತ್ರ ಹೊಸದು ಕೊಳ್ಳಿ. ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ, ಬೆರಳು ಆಡುವಷ್ಟು ಜಾಗ ಇರಬೇಕು. ಬಿಗಿಯಾದ ಬೂಟಿನಲ್ಲಿ ಕಾಲು ಬೇಗ ತಣ್ಣಗಾಗುತ್ತದೆ.

ಎರಡು ಸ್ವೆಟರ್ ಹಾಕಿದರೂ ಚಳಿ. ಏನು ಮಾಡಲಿ?

ಒಳಗೆ ಹತ್ತಿ ಬನಿಯನ್ ಇದೆಯಾ? ಮೊದಲು ಅದನ್ನು ತೆಗೆಯಿರಿ. ಹತ್ತಿ ನಮ್ಮೂರಿಗೆ ಚಿನ್ನ, ಚಳಿ ದೇಶಕ್ಕೆ ಶತ್ರು. ಬಸ್ಸು ಹಿಡಿಯಲು ಓಡಿದಾಗ ಬಂದ ಬೆವರನ್ನು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ, ಆಮೇಲೆ ನಿಂತಾಗ ಅದೇ ನಿಮ್ಮನ್ನು ತಣ್ಣಗೆ ಮಾಡುತ್ತದೆ. ಮೈಗೆ ತಾಗುವ ಪದರ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್ ಇರಲಿ. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಎಲ್ಲದರ ಮೇಲೆ ಗಾಳಿ, ನೀರು ತಡೆಯುವ ಕೋಟು. ಬಟ್ಟೆ ತಾನಾಗಿ ಬಿಸಿ ಮಾಡುವುದಿಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ನಿಮ್ಮ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಒಂದರ ಮೇಲೊಂದು ಬಿಗಿಯಾಗಿ ತುರುಕಿದರೆ ಆ ಗಾಳಿಗೇ ಜಾಗ ಇಲ್ಲ.

ಇನ್ನೊಂದು ಲಾಭ, ಅಂಗಡಿ, ಮೆಟ್ರೊ, ಆಫೀಸಿನ ಒಳಗೆ 21–22 ಡಿಗ್ರಿ ಇರುತ್ತದೆ. ಪದರ ಇದ್ದರೆ ಕಳಚಬಹುದು. ಒಂದೇ ದಪ್ಪ ಸ್ವೆಟರ್ ಹಾಕಿದವರು ಒಳಗೆ ಬೇಯುತ್ತಾರೆ. ಕಿವಿ, ಬೆರಳ ತುದಿ, ಮೂಗು ಇವು ಚಳಿಗೆ ಮೊದಲು ಮರಗಟ್ಟುವ ಜಾಗಗಳು. ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಅಜ್ಜಿ ಕೊಟ್ಟ ಮಂಕಿ ಕ್ಯಾಪ್ ಇದ್ದರೆ ನಾಚಿಕೆ ಬಿಟ್ಟು ಹಾಕಿ, ಸ್ಕೀ ಆಡುವವರು ದುಡ್ಡು ಕೊಟ್ಟು ಕೊಳ್ಳುವುದೂ ಅಂಥದ್ದನ್ನೇ.

ಫೋನಲ್ಲಿ ಮೈನಸ್ 12 ಅಂತಿದೆ, ಪಕ್ಕದಲ್ಲಿ 'ಅನಿಸುವುದು ಮೈನಸ್ 21' ಅಂತ. ಯಾವುದು ಸರಿ?

ಎರಡೂ ಸರಿ, ನೀವು ಬಟ್ಟೆ ಹಾಕಬೇಕಾದ್ದು ಎರಡನೆಯದನ್ನು ನೋಡಿ. ಮೈ ಸುತ್ತ ಇರುವ ಬೆಚ್ಚನೆ ಗಾಳಿಯ ತೆಳು ಪದರವನ್ನು ಗಾಳಿ ಹೊಡೆದುಕೊಂಡು ಹೋಗುತ್ತದೆ. ಮೈನಸ್ 20 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 33ರಂತೆ ಇರುತ್ತದೆ. ಕೆನಡಾದ ಹವಾಮಾನ ಇಲಾಖೆಯ ಪ್ರಕಾರ ಈ ಲೆಕ್ಕ ಮೈನಸ್ 28ಕ್ಕಿಂತ ಕೆಳಗಿಳಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಬೆರಳು ಅಥವಾ ಕಿವಿ ಮೊದಲು ಉರಿದು ಆಮೇಲೆ ಸ್ಪರ್ಶ ಗೊತ್ತಾಗದಂತಾಗಿ ಬಿಳಿಚಿಕೊಂಡರೆ ತಕ್ಷಣ ಒಳಗೆ ಬನ್ನಿ. ಉಜ್ಜಬೇಡಿ. ಹೀಟರ್‌ಗೆ ಅಂಟಿಸಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಇಡಿ, ಬಣ್ಣ ವಾಪಸ್ ಬರದಿದ್ದರೆ ಆಸ್ಪತ್ರೆಗೆ ಹೋಗಿ.

ಮನೆ ಒಳಗೆ ಬೆಚ್ಚಗೇ ಇದೆ. ಆದರೂ ಮೂಗಲ್ಲಿ ರಕ್ತ, ತುಟಿ ಒಡೆಯುತ್ತೆ, ಬಾಗಿಲ ಹಿಡಿ ಮುಟ್ಟಿದರೆ ಶಾಕ್ ಹೊಡೆಯುತ್ತೆ.

ಒಣ ಗಾಳಿಯ ಕಾಟ. ತಣ್ಣನೆ ಗಾಳಿಯಲ್ಲಿ ನೀರಿನಂಶ ತೀರ ಕಮ್ಮಿ. ಮೈನಸ್ 10 ಡಿಗ್ರಿಯ ಹೊರಗಿನ ಗಾಳಿಯನ್ನು ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇಕಡಾ 10–15ಕ್ಕೆ ಬೀಳುತ್ತದೆ. ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇಟ್ಟು ಶೇಕಡಾ 30–40ರ ಹತ್ತಿರ ತಂದರೆ ಸಾಕು. 50 ದಾಟಿಸಬೇಡಿ, ಕಿಟಕಿಯಲ್ಲಿ ನೀರಿಳಿದು ಬೂಷ್ಟು ಹಿಡಿಯುತ್ತದೆ. ಸ್ನಾನ ಉಗುರು ಬೆಚ್ಚಗೆ, ಬೇಗ ಮುಗಿಸಿ. ಹಂಡೆ ನೀರಿನ ಹಾಗೆ ಕುದಿಕುದಿ ಸ್ನಾನ ಮಾಡಿದರೆ ಚರ್ಮದಲ್ಲಿರುವ ಎಣ್ಣೆಯೂ ಹೋಗುತ್ತದೆ. ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಕ್ರೀಮ್ ಅಥವಾ ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಆದರೆ ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಸಣ್ಣ ಬಾಯಿಯ ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಗೆ ತುಂಬಿಸಿಕೊಳ್ಳಿ.

ನೀರು ಕುಡಿಯುವುದನ್ನು ಮರೆಯಬೇಡಿ. ಚಳಿಯಲ್ಲಿ ಬಾಯಾರುವುದಿಲ್ಲ, ದಿನವೆಲ್ಲ ಕಾಫಿಯಲ್ಲೇ ಕಳೆದುಹೋಗುತ್ತದೆ. ಬಿಸಿ ಸಾರನ್ನು ಲೋಟಕ್ಕೆ ಹಾಕಿಕೊಂಡು ಕುಡಿದರೂ ಲೆಕ್ಕಕ್ಕೆ ಸೇರುತ್ತದೆ.

ದೋಸೆ ಹಿಟ್ಟು ಹುದುಗು ಬರ್ತಾನೇ ಇಲ್ಲ!

ಇದು ಎಲ್ಲಕ್ಕಿಂತ ಹೆಚ್ಚು ಕೇಳಿದ ಪ್ರಶ್ನೆ, ಜ್ವರದ ಬಗ್ಗೆ ಕೇಳಿದವರು ಇದರ ಅರ್ಧ ಇಲ್ಲ. ಹಿಟ್ಟು ಚೆನ್ನಾಗಿ ಉಬ್ಬಲು ಸುಮಾರು 28ರಿಂದ 32 ಡಿಗ್ರಿ ಬೇಕು. ಹೀಟರ್ ಹಾಕಿದ ಅಡುಗೆಮನೆಯೂ 20ರ ಹತ್ತಿರ ಇರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಾದರೂ ಹಿಟ್ಟು ಸುಮ್ನೆ ಕೂತಿರುತ್ತದೆ.

ದಾರಿಗಳು ಹಲವು. ಓವನ್ ಆರಿಸಿ, ಒಳಗಿನ ಬಲ್ಬು ಮಾತ್ರ ಹಾಕಿ, ಪಾತ್ರೆ ಒಳಗಿಡಿ. ಹಳೆ ಥರದ ಬಲ್ಬಾದರೆ ಅದರ ಬಿಸಿಯೇ ಸಾಕು, ಎಲ್‌ಇಡಿ ಆದರೆ ಕೆಲಸ ಆಗಲ್ಲ, ಆಗ ಓವನನ್ನು ಒಂದೆರಡು ನಿಮಿಷ ಕಾಯಿಸಿ ಆರಿಸಿ, ಒಳಗೆ ಕೈ ಇಟ್ಟರೆ ಹಿತವಾಗಿದೆ ಅನಿಸಿದ ಮೇಲೆ ಪಾತ್ರೆ ಇಡಿ. ಓವನ್ ಬಾಗಿಲಿಗೆ "ಹಿಟ್ಟು ಇದೆ" ಅಂತ ಚೀಟಿ ಅಂಟಿಸಿ, ಇಲ್ಲದಿದ್ದರೆ ಮನೆಯಲ್ಲಿ ಇನ್ಯಾರಾದರೂ ಪಿಜ್ಜಾ ಮಾಡಲು ಓವನ್ ಹಾಕುತ್ತಾರೆ. ಇನ್‌ಸ್ಟಂಟ್ ಪಾಟ್ (ಕರೆಂಟಿನ ಕುಕ್ಕರ್) ಇದ್ದರೆ ಅದರ ಯೋಗರ್ಟ್ ಬಟನ್ ಒತ್ತಿ ಎಂಟು ಹತ್ತು ಗಂಟೆ ಬಿಡಿ, ಮುಚ್ಚಳ ಬಿಗಿ ಮಾಡದೆ ಮೇಲೊಂದು ತಟ್ಟೆ ಮುಚ್ಚಿ, ಪಾತ್ರೆಯ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ, ಉಕ್ಕಿದರೆ ಒರೆಸುವಷ್ಟರಲ್ಲಿ ದೋಸೆ ಆಸೆಯೇ ಹೋಗುತ್ತದೆ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ರುಬ್ಬುವಾಗ ಬೆಚ್ಚನೆ ನೀರು ಹಾಕಿ, ಕೈಯಿಂದ ಕಲಸಿ.

ಮೊಸರಿಗೂ ಇದೇ ಉಪಾಯ. ಹಾಲು ಬೆರಳು ಅದ್ದುವಷ್ಟು ಬಿಸಿ ಇರುವಾಗ ಹೆಪ್ಪು ಹಾಕಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಅದೇ ಓವನ್ನಿನಲ್ಲಿಡಿ. ಕೊಲ್ಲಿಯಲ್ಲಿ ಎಲ್ಲ ತಲೆಕೆಳಗು: ಬೇಸಿಗೆಯಲ್ಲಿ ಎಸಿ ಇಲ್ಲದ ಅಡುಗೆಮನೆಯಲ್ಲಿ ರಾತ್ರಿಯೆಲ್ಲ ಹಿಟ್ಟು ಬಿಟ್ಟರೆ ಬೆಳಿಗ್ಗೆ ಹುಳಿ ಹೊಡೆದಿರುತ್ತದೆ. ಸಂಜೆ ರುಬ್ಬಿ, ಉಬ್ಬಿದ ತಕ್ಷಣ ಫ್ರಿಜ್ಜಿಗೆ ತಳ್ಳಿ.

ನವೆಂಬರ್ ಬಂದರೆ ಏನೋ ಬೇಜಾರು, ಬರೀ ನಿದ್ದೆ, ಸಿಹಿ ತಿನ್ನಬೇಕು ಅನಿಸುತ್ತೆ. ಮನೆ ನೆನಪಾ, ಖಾಯಿಲೆನಾ?

ಎರಡೂ ಇರಬಹುದು, ಆದರೆ ಮೂರನೆಯದೊಂದಿದೆ: ಬೆಳಕು. ಹೋಗುವ ಮೊದಲು ಎಲ್ಲರೂ ಚಳಿಗೆ ಹೆದರುತ್ತಾರೆ. ನನ್ನ ಕೇಳಿದರೆ ಚಳಿ ದುಡ್ಡು ಕೊಟ್ಟರೆ ಪರಿಹಾರ ಆಗುವ ಸಮಸ್ಯೆ, ಕತ್ತಲೆ ಹಾಗಲ್ಲ. ಬೆಂಗಳೂರಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಬೆಳಿಗ್ಗೆ 8ಕ್ಕೆ ಹುಟ್ಟಿ ಸಂಜೆ 4ಕ್ಕೆ ಮೊದಲೇ ಮುಳುಗುತ್ತಾನೆ. ಸ್ಟಾಕ್‌ಹೋಮ್‌ನಲ್ಲಿ ಹಗಲು ಆರೇ ಗಂಟೆ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲಿ ವಾಪಸ್ ಬರುತ್ತೀರಿ. ಇದು ಕೆಲವರ ಮನಸ್ಸಿಗೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಖಿನ್ನತೆ ತರುತ್ತದೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು 1984ರಲ್ಲೇ ಇದನ್ನು ಗುರುತಿಸಿ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರಿಟ್ಟರು. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಮೊದಲ ಮದ್ದು ಪುಕ್ಕಟೆ: ಹಗಲಿರುವಾಗ ಹೊರಗೆ ನಡೆಯಿರಿ. ಮೋಡ ಕವಿದ ದಿನದ ಬೆಳಕೂ ಆಫೀಸಿನ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಸಾಕು, ಡೆಸ್ಕಿನಲ್ಲೇ ಡಬ್ಬಿ ತೆರೆದು ಮುಗಿಸಿಬಿಡುವ ನಮ್ಮ ಅಭ್ಯಾಸ ಅಲ್ಲಿ ಒಳ್ಳೆಯದಲ್ಲ. ಎರಡನೆಯದು 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಲೈಟ್ ಬಾಕ್ಸ್, ಬೆಳಿಗ್ಗೆ ಎದ್ದ ಮೇಲೆ ಸುಮಾರು ಅರ್ಧ ಗಂಟೆ ಅದರ ಮುಂದೆ ಕಾಫಿ ಕುಡಿಯುತ್ತಾ ಕೂರುವುದು. ಕಣ್ಣಿನ ತೊಂದರೆ ಅಥವಾ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳಾಡುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಇದನ್ನು ಬಳಸಬಾರದು. ಮೂರನೆಯದು, ವಾರದಲ್ಲಿ ಒಂದು ಸಂಜೆಯಾದರೂ ಜನರ ಜೊತೆ ಇರಿ. ಕನ್ನಡ ಕೂಟ ಇದ್ದರೆ ಹೋಗಿ, ಅಲ್ಲಿನ ರಾಜಕೀಯ ಇಷ್ಟವಾಗದಿದ್ದರೂ ರಾಜ್ಯೋತ್ಸವದ ಬಿಸಿಬೇಳೆಬಾತ್ ಇಷ್ಟವಾಗುತ್ತದೆ. ಎರಡು ವಾರ ಕಳೆದರೂ ಹಾಸಿಗೆ ಬಿಟ್ಟು ಏಳಲು ಆಗುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅಲ್ಲಿನ ಡಾಕ್ಟರ್ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ಅಮ್ಮನಿಗೆ ಫೋನಲ್ಲಿ "ಚೆನ್ನಾಗಿದ್ದೀನಿ" ಅನ್ನುತ್ತಾ ವಸಂತದ ತನಕ ಕಾಯಬೇಡಿ.

ವಿಟಮಿನ್ ಡಿ ಮಾತ್ರೆ ಬೇಕಾ?

ಬ್ರಿಟನ್ನಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಬಿಸಿಲಲ್ಲಿ ಚರ್ಮ ವಿಟಮಿನ್ ಡಿ ತಯಾರಿಸುವಷ್ಟು ಬಲ ಇರುವುದಿಲ್ಲ. ಆ ತಿಂಗಳುಗಳಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್ ತೆಗೆದುಕೊಳ್ಳುವುದನ್ನು ಯೋಚಿಸಿ, ಕಪ್ಪು, ಕಂದು ಮೈಬಣ್ಣದವರು ವರ್ಷವಿಡೀ ಯೋಚಿಸಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಮೊಟ್ಟೆ, ಮೀನು ತಿನ್ನದವರಿಗೆ ಇದು ಇನ್ನೂ ಮುಖ್ಯ. ಇಲ್ಲಿಂದ 60,000 ಯೂನಿಟ್‌ನ ಪುಡಿ ಪ್ಯಾಕೆಟ್ ಕಟ್ಟಿಕೊಂಡು ಹೋಗಿ ಮನಸ್ಸಿಗೆ ಬಂದ ಹಾಗೆ ನುಂಗಬೇಡಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು. ಮಗು ಮಲಗಲ್ಲ, ನಮಗೂ ಊಟದ ಹೊತ್ತು ಗೊತ್ತಾಗಲ್ಲ.

ಬೆಳಕು ಒಳಗೆ ಬಿಡದ ದಪ್ಪ ಕರ್ಟನ್ ಹಾಕಿ, ಗಡಿಯಾರ ನೋಡಿ ಊಟ ಮಾಡಿ. ಗಡಿಯಾರವನ್ನೇ ಹಿಂದೆ ಮುಂದೆ ಮಾಡುವುದೂ ಇದೆ: ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಯೂರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಬೆಂಗಳೂರಿಗೂ ಲಂಡನ್ನಿಗೂ ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಮನೆಯಲ್ಲಿ ಹೇಳಿಡಿ, ಇಲ್ಲದಿದ್ದರೆ ಭಾನುವಾರದ ವಿಡಿಯೊ ಕಾಲ್‌ಗೆ ಅಜ್ಜಿ ಒಂದು ಗಂಟೆ ಮೊದಲೇ ಸೀರೆ ಉಟ್ಟು ಕಾದಿರುತ್ತಾರೆ.

ಜರ್ಮನಿಯಲ್ಲಿ ಮನೆ ಓನರ್ ದಿನಾ ಕಿಟಕಿ ತೆಗೀರಿ ಅಂತಾನೆ, ಅದೂ ಚಳಿಗಾಲದಲ್ಲಿ. ತಮಾಷೆನಾ?

ತಮಾಷೆ ಅಲ್ಲ. ಅಲ್ಲಿನ ಮನೆಗಳು ಗಾಳಿ ಆಡದ ಹಾಗೆ ಬಿಗಿಯಾಗಿರುತ್ತವೆ. ನಾವು ಅನ್ನ, ಬೇಳೆ ಕುದಿಸಿ ಆವಿ ಎಬ್ಬಿಸುತ್ತೇವೆ, ಒದ್ದೆ ಬಟ್ಟೆಯನ್ನು ಹೀಟರ್ ಮೇಲೆ ಹರಡುತ್ತೇವೆ. ಆ ನೀರೆಲ್ಲ ತಣ್ಣಗಿನ ಗೋಡೆ ಮೂಲೆಯಲ್ಲಿ ಕೂತು ಕಪ್ಪು ಬೂಷ್ಟು ಆಗುತ್ತದೆ, ಮನೆ ಬಿಡುವಾಗ ಅಡ್ವಾನ್ಸ್ ದುಡ್ಡಿನಲ್ಲಿ ಮುರಿದುಕೊಳ್ಳುವ ಮಾತು ಬರುತ್ತದೆ. ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಿ, ಆ ಹೊತ್ತು ಹೀಟರ್ ಆರಿಸಿ. ದಿನವಿಡೀ ಕಿಂಡಿ ತೆರೆದಿಟ್ಟರೆ ಗೋಡೆಯೇ ತಣ್ಣಗಾಗಿ ಬಿಲ್ಲೂ ಏರುತ್ತದೆ, ಬೂಷ್ಟೂ ಹೋಗುವುದಿಲ್ಲ. ಬೀರುವನ್ನು ಹೊರಗೋಡೆಗೆ ಅಂಟಿಸಬೇಡಿ.

ದುಬೈಗೆ ಹೋಗ್ತಿದ್ದೀನಿ. ಬರೀ ಎಸಿಯಲ್ಲೇ ಇರೋದಲ್ವಾ, ಏನು ತೊಂದರೆ?

ಜೂನ್‌ನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನ 40 ಡಿಗ್ರಿ ಮಾಮೂಲು, ರಾತ್ರಿಯೂ 30ರ ಹತ್ತಿರ. ಬಳ್ಳಾರಿ, ರಾಯಚೂರಿನ ಬಿಸಿಲು ನೋಡಿದವರು "ಇದೇನು ಮಹಾ" ಅನ್ನುತ್ತಾರೆ. ವ್ಯತ್ಯಾಸ ಸಮುದ್ರದ್ದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ, ಸುಮ್ನೆ ಸುರಿಯುತ್ತಿರುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸಿದೆ. ಸೈಟಿನ ಕೆಲಸಕ್ಕೆ ಹೋಗುವವರು ಈ ನಿಯಮ ತಿಳಿದಿರಿ. ಮೊದಲ ವಾರ ಪೂರ್ತಿ ಶಕ್ತಿ ಹಾಕಬೇಡಿ, ಬಿಸಿಲಿನ ಹೊಡೆತ ಹೊಸಬರಿಗೇ ಜಾಸ್ತಿ.

ಬಾಯಾರುವ ಮೊದಲೇ ನೀರು ಕುಡಿಯಿರಿ. ತುಂಬ ಬೆವರಿದ ದಿನ ಬರೀ ನೀರು ಸಾಲದು, ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಓಆರ್‌ಎಸ್ ಬೇಕು (ಬಿಪಿ ಇರುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ). ತಲೆ ಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ನೆರಳಿಗೆ ಹೋಗಿ ಕೂರಿ. ಯಾರಾದರೂ ತೊದಲುತ್ತಾ, ಸಂಬಂಧವಿಲ್ಲದ ಮಾತಾಡುತ್ತಾ ಕುಸಿದರೆ ಅದು ಹೀಟ್ ಸ್ಟ್ರೋಕ್: 998ಕ್ಕೆ ಆಂಬುಲೆನ್ಸ್ ಕರೆಯಿರಿ, ಬರುವ ತನಕ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎಸಿಯನ್ನು 18ಕ್ಕೆ ಇಡುವ ಚಟ ಬಿಡಿ, 24–25 ಸಾಕು. ಆಫೀಸಿಗೆ ಒಂದು ತೆಳು ಸ್ವೆಟರ್ ಬೇಕೇ ಬೇಕು, ದುಬೈಗೆ ಸ್ವೆಟರಾ ಅಂತ ಮನೆಯಲ್ಲಿ ನಗುತ್ತಾರೆ, ನಗಲಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ನಲ್ಲಿಯಲ್ಲೇ ಸುಡುತ್ತದೆ. ಅಲ್ಲಿನವರ ಉಪಾಯ ಏನೆಂದರೆ ಗೀಸರ್ ಆರಿಸಿಬಿಡುವುದು, ಮನೆಯೊಳಗಿನ ಆ ಗೀಸರಲ್ಲಿ ನಿಂತು ತಣ್ಣಗಾದ ನೀರನ್ನು ಬಿಸಿ ನಲ್ಲಿಯಿಂದ ಹಿಡಿದು ಸ್ನಾನ ಮಾಡುವುದು. ಮಕ್ಕಳನ್ನು ನಿಲ್ಲಿಸಿದ ಕಾರಿನಲ್ಲಿ ಎರಡು ನಿಮಿಷಕ್ಕೂ ಬಿಡಬೇಡಿ. ಬೆವರುಸಾಲೆಗೆ ಸಡಿಲವಾದ ಹತ್ತಿ ಬಟ್ಟೆ, ತಣ್ಣೀರು ಸ್ನಾನ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಅಲ್ಲಿಯ ಹವೆ ಬಹಳ ಚೆನ್ನಾಗಿರುತ್ತದೆ. ನೆಂಟರನ್ನು ಆಗ ಕರೆಸಿ.

ಸಿಂಗಪುರ?

ಮಂಗಳೂರು ಅಂದುಕೊಳ್ಳಿ, ಋತುಗಳನ್ನು ತೆಗೆದುಬಿಡಿ. ವರ್ಷಪೂರ್ತಿ ಹಗಲು 31–32, ರಾತ್ರಿ 24–25. ಕೊಡೆ ಸದಾ ಬ್ಯಾಗಲ್ಲಿ, ಚರ್ಮದ ಚಪ್ಪಲಿ, ಬೆಲ್ಟಿಗೆ ಬೂಷ್ಟು. ಮಿಂಚು ಗುಡುಗು ಜಾಸ್ತಿ, ಆಗ ಈಜುಕೊಳ, ಮೈದಾನ ಬಿಟ್ಟು ಒಳಗೆ ಬನ್ನಿ.

ಆಸ್ಟ್ರೇಲಿಯಾ? ನಮ್ಮದು ಕಂದು ಚರ್ಮ, ಸನ್‌ಸ್ಕ್ರೀನ್ ಯಾಕೆ?

ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿಗಾಲ. ಜೂನ್‌ನಲ್ಲಿ ಮೆಲ್ಬರ್ನ್‌ಗೆ ಹೋಗುವವರು ಸ್ವೆಟರ್ ಮರೆತರೆ ಕಷ್ಟ, ಮನೆಗಳ ಒಳಗೂ ಕೆನಡಾದಷ್ಟು ಬೆಚ್ಚಗಿರುವುದಿಲ್ಲ. ಬಿಸಿಲಿನ ವಿಷಯಕ್ಕೆ ಬಂದರೆ, ಕಂದು ಮೈಯವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಮೈ ಸುಡುವುದು, ಕಲೆ, ಕಣ್ಣಿನ ಹಾನಿ ನಮಗೂ ಉಂಟು. ಯುವಿ ಸೂಚ್ಯಂಕ (ಬಿಸಿಲಿನ ನೇರಳಾತೀತ ಕಿರಣದ ಬಲ ಹೇಳುವ ಅಂಕಿ) 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಟೋಪಿ, ತುಂಬು ತೋಳು, ಸನ್‌ಸ್ಕ್ರೀನ್ ಅನ್ನುವುದು ಅಲ್ಲಿನ ನಿಯಮ. ತಂಪು ಗಾಳಿ ಇದ್ದ ದಿನವೂ ಯುವಿ ಜಾಸ್ತಿ ಇರಬಹುದು, ಮೈಗೆ ಸೆಕೆ ಆಗುತ್ತಿಲ್ಲ ಅಂತ ಮೋಸ ಹೋಗಬೇಡಿ.

ಇಂಗ್ಲೆಂಡಲ್ಲಿ 35 ಡಿಗ್ರಿ ಆದರೆ ಅಷ್ಟೊಂದು ಗಲಾಟೆ ಯಾಕೆ? ನಮ್ಮಲ್ಲಿ ಏಪ್ರಿಲ್ ಬಂದರೆ ಅಷ್ಟಿರುತ್ತೆ.

ಮನೆ ಒಳಗೆ ಕೂತು ನೋಡಿದರೆ ಗೊತ್ತಾಗುತ್ತದೆ. ಆ ಮನೆಗಳನ್ನು ಕಟ್ಟಿರುವುದೇ ಬಿಸಿ ಹೊರಗೆ ಹೋಗಬಾರದು ಅಂತ. ಎಸಿ ಅಪರೂಪ, ಸೀಲಿಂಗ್ ಫ್ಯಾನ್ ಇಲ್ಲ, ಕಿಟಕಿ ಅರ್ಧವೇ ತೆರೆಯುತ್ತದೆ, ಸೂರ್ಯ ಹದಿನಾರು ಗಂಟೆ ಕಾಯಿಸುತ್ತಾನೆ. 2022ರ ಜುಲೈ 19ರಂದು ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ಬ್ರಿಟನ್ 40 ದಾಟಿದ್ದು ಅದೇ ಮೊದಲು. ಹಗಲು ಕಿಟಕಿ, ಕರ್ಟನ್ ಮುಚ್ಚಿ, ರಾತ್ರಿ ಹೊರಗೆ ತಣ್ಣಗಾದ ಮೇಲೆ ಎಲ್ಲ ತೆರೆಯಿರಿ. ಟೇಬಲ್ ಫ್ಯಾನನ್ನು ಏಪ್ರಿಲ್‌ನಲ್ಲೇ ಕೊಂಡಿಡಿ, ಸೆಕೆ ಶುರುವಾದ ಮೇಲೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಿಮದಲ್ಲಿ ನಡೆಯೋದು, ಕಾರು ಓಡಿಸೋದು?

ಹಿಮಕ್ಕಿಂತ ಮೋಸ ಮಾಡುವುದು ಅದು ಕರಗಿ ಮತ್ತೆ ಗಟ್ಟಿಯಾದ ತೆಳು ಮಂಜುಗಡ್ಡೆ. ರಸ್ತೆ ಒದ್ದೆಯಾದ ಹಾಗೆ ಕಾಣುತ್ತದೆ, ಅಷ್ಟೇ. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ. ಕಾರಿಗೆ ಚಳಿಗಾಲದ ಟೈರ್ ಹಾಕಿಸಿ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ, ಜರ್ಮನಿಯಲ್ಲಿ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಕಡ್ಡಾಯ. ರಾತ್ರಿ ಹಿಮ ಬಿದ್ದಿದ್ದರೆ ಎಂಜಿನ್ ಶುರು ಮಾಡುವ ಮೊದಲು ಹೊಗೆ ಕೊಳವೆ ಮುಚ್ಚಿಕೊಂಡಿದೆಯಾ ನೋಡಿ. ಮುಚ್ಚಿದ್ದರೆ ವಿಷಾನಿಲ ಕಾರಿನ ಒಳಗೇ ಬರುತ್ತದೆ. ಗ್ಯಾರೇಜಿನೊಳಗೆ ಕಾರು ಚಾಲೂ ಇಟ್ಟು ಕಾಯಿಸುವುದೂ ಅಷ್ಟೇ ಅಪಾಯ.

ಮಗಳ ಬಾಣಂತನಕ್ಕೆ ಜನವರಿಯಲ್ಲಿ ಅಮೆರಿಕಕ್ಕೆ ಹೊರಟಿದ್ದೀನಿ. ಏನು ನೋಡಿಕೊಳ್ಳಬೇಕು?

ಅಮ್ಮಂದಿರೇ, ಇದನ್ನು ಸಾವಕಾಶವಾಗಿ ಓದಿ. ಕೆಂಡ ಮಾಡಿ ಸಾಂಬ್ರಾಣಿ ಹೊಗೆ ಹಾಕುವುದು ಅಲ್ಲಿ ಬೇಡವೇ ಬೇಡ. ಹೊಗೆಯ ಅಲಾರಂ ಕೂಗಿಕೊಳ್ಳುವುದು ಸಣ್ಣ ತೊಂದರೆ, ಮುಚ್ಚಿದ ಮನೆಯಲ್ಲಿ ಇದ್ದಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ, ಜೀವ ಹೋಗುತ್ತದೆ. ಕೂದಲು ಒಣಗಿಸಲು ಡ್ರೈಯರ್ ಇದೆ.

ಮನೆಯೊಳಗೆ 21 ಡಿಗ್ರಿ ಇರುವಾಗ ಮಲಗಿದ ಕೂಸಿಗೆ ಕುಲಾವಿ, ಎರಡು ಕಂಬಳಿ ಬೇಡ. ಅತಿ ಬಿಸಿಯಾದರೆ ಎಳೆ ಮಕ್ಕಳಿಗೆ ಅಪಾಯ, ತೊಟ್ಟಿಲಲ್ಲಿ ಸಡಿಲ ಹೊದಿಕೆಯೂ ಬೇಡ ಅಂತ ಅಲ್ಲಿನ ಡಾಕ್ಟರ್‌ಗಳು ಹೇಳುತ್ತಾರೆ. ಮಗಳು ಅದನ್ನು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಹೊರಗೆ ಕರೆದೊಯ್ಯುವಾಗ ಪೂರ್ತಿ ಮುಚ್ಚಿ, ಆದರೆ ಕಾರಿನ ಸೀಟಿಗೆ ಕಟ್ಟುವಾಗ ಉಬ್ಬಿದ ಜಾಕೆಟ್ ತೆಗೆದು ಬೆಲ್ಟ್ ಹಾಕಿ, ಅದರ ಮೇಲೆ ಹೊದಿಕೆ ಹೊದಿಸಿ. ಜಾಕೆಟ್ ಮೇಲೆ ಬೆಲ್ಟ್ ಕಟ್ಟಿದರೆ ಅಪಘಾತದಲ್ಲಿ ಮಗು ಜಾರುತ್ತದೆ.

ನಿಮಗೆ: ಮಂಡಿ ನೋವಿದ್ದರೆ ಮನೆಯೊಳಗೂ ಹಿಡಿತದ ಚಪ್ಪಲಿ ಹಾಕಿ. ದಮ್ಮು ಇದ್ದರೆ ಹೊರಗೆ ಹೋಗುವಾಗ ಮೂಗು ಬಾಯಿಗೆ ಮಫ್ಲರ್ ಸುತ್ತಿ. ಇನ್ಸುಲಿನ್ ಕಾರಿನಲ್ಲಿ ಬಿಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಾಣಂತನದ ಆತುರ ಇಲ್ಲದೆ ಸುಮ್ನೆ ನೋಡಲು ಹೋಗುವ ಅಪ್ಪ ಅಮ್ಮ ಮೇನಿಂದ ಸೆಪ್ಟೆಂಬರ್ ಆರಿಸಿಕೊಳ್ಳಿ. ಚಳಿಗಾಲದಲ್ಲಿ ಹೋದರೆ ಮಕ್ಕಳು ಆಫೀಸಿಗೆ ಹೋದ ಮೇಲೆ ನಾಲ್ಕು ಗೋಡೆ ನೋಡುತ್ತಾ ಕೂರಬೇಕಾಗುತ್ತದೆ. ಮೂಲೆಯ ಹಾಲಿನ ಅಂಗಡಿಗೆ ಹೋಗಿ ಇಬ್ಬರ ಹತ್ತಿರ ಮಾತಾಡಿ ಬರುವ ಸುಖ ಅಲ್ಲಿಲ್ಲ.

ಒದ್ದೆ ತಲೆಯಲ್ಲಿ ಹೊರಗೆ ಹೋದರೆ ಶೀತ ಆಗಲ್ವಾ?

ನೆಗಡಿ ತರುವುದು ವೈರಸ್. ಚಳಿಗಾಲದಲ್ಲಿ ಎಲ್ಲರೂ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಇರುವುದರಿಂದ ಅದು ಬೇಗ ಹರಡುತ್ತದೆ. ಆದರೂ ಅಮ್ಮನ ಮಾತು ಕೇಳಿ ತಲೆ ಒರೆಸಿಕೊಳ್ಳಿ, ಮೈನಸ್ 10ರಲ್ಲಿ ಒದ್ದೆ ಕೂದಲು ನಿಜವಾಗಿಯೂ ಗಟ್ಟಿಯಾಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.

ಚಳಿಗಾಲ ಮುಗೀತು ಅಂದರೆ ಈಗ ಸೀನು, ಕಣ್ಣಲ್ಲಿ ನೀರು!

ಹೂವಿನ ಪರಾಗ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಮರಗಳದ್ದು, ಆಮೇಲೆ ಜುಲೈವರೆಗೆ ಹುಲ್ಲಿನದು. ಅಮೆರಿಕದಲ್ಲಿ ಆಗಸ್ಟ್ ನಂತರ ರ‍್ಯಾಗ್‌ವೀಡ್, ನಮ್ಮ ಕಾಂಗ್ರೆಸ್ ಗಿಡದ ಕುಟುಂಬದ್ದೇ. ಮೊದಲ ವರ್ಷ ಏನೂ ಆಗದೆ ಆಮೇಲೆ ಶುರುವಾಗುವುದೂ ಉಂಟು. ಪರಾಗ ಜಾಸ್ತಿ ಇರುವ ದಿನ ಬಟ್ಟೆ ಹೊರಗೆ ಒಣಗಿಸಬೇಡಿ, ಮನೆಗೆ ಬಂದ ಕೂಡಲೇ ಮುಖ, ತಲೆ ತೊಳೆಯಿರಿ. ಮಾತ್ರೆ ಪ್ರತಿ ವರ್ಷ ಬೇಕಾಗುತ್ತಿದ್ದರೆ ಸೀನು ಶುರುವಾಗುವ ಮೊದಲೇ ಡಾಕ್ಟರನ್ನು ನೋಡಿ.

ರಜಕ್ಕೆ ಬೆಂಗಳೂರಿಗೆ ಬಂದರೆ ನಮಗೇ ಸೆಕೆ, ಮಕ್ಕಳಿಗೆ ಜ್ವರ. ನಮ್ಮೂರೇ ಒಗ್ಗಲ್ವಾ?

ಬಿಸಿಗೆ ಒಗ್ಗಿದ್ದು ಅಷ್ಟು ಬೇಗ ಹೋಗುತ್ತದೆ ಅಂತ ಮೇಲೆಯೇ ಹೇಳಿದೆನಲ್ಲ. ಮಾರ್ಚ್‌ನಿಂದ ಮೇ ಒಳಗೆ ಬಂದರೆ ಮೊದಲ ವಾರ ಮಧ್ಯಾಹ್ನದ ಓಡಾಟ ಬೇಡ, ಚಿಕ್ಕಪೇಟೆಯ ಸೀರೆ ವ್ಯಾಪಾರವನ್ನು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬಂದರೆ ಮಕ್ಕಳಿಗೆ ಸೊಳ್ಳೆಯಿಂದ ಡೆಂಗಿ ಬಾರದ ಹಾಗೆ ಹಗಲೂ ಮೈತುಂಬ ಬಟ್ಟೆ, ಸೊಳ್ಳೆ ಕ್ರೀಮ್. ಕುದಿಸಿದ ಅಥವಾ ಫಿಲ್ಟರ್ ನೀರು ಕೊಡಿ, ಪಾನಿಪೂರಿ ಎರಡನೇ ವಾರಕ್ಕೆ ಇರಲಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಜ್ವರ ಮೂರನೇ ದಿನಕ್ಕೂ ಇಳಿಯದಿದ್ದರೆ ಮನೆ ಕಷಾಯ ಕೊಡುತ್ತಾ ಕೂರಬೇಡಿ, ಡೆಂಗಿ ಪರೀಕ್ಷೆ ಮಾಡಿಸಿ. ಜ್ವರ ಇರುವಾಗ ಡಾಕ್ಟರ್ ಹೇಳದೆ ಐಬುಪ್ರೊಫೆನ್ ಕೊಡಬೇಡಿ, ಅಲ್ಲಿ ಅದು ಪ್ರತಿ ಮನೆಯ ಮದ್ದು, ಆದರೆ ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ.